ಬಟಾಣಿ ಚೀಲಗಳ ನಡುವೆ ಹತ್ತು ನಿಮಿಷ

ನನಗೆ ಭಯವಾಗದ ಸಂಗತಿಗಳ ಪಟ್ಟಿ ಮಾಡಲು ಕುಳಿತರೆ ಒಂದು ಅಂಚೆ ಕಾರ್ಡಿನಲ್ಲಿ ಮುಗಿದುಹೋಗುತ್ತದೆ, ವಿಳಾಸ ಬರೆಯಲು ಜಾಗವೂ ಉಳಿಯುತ್ತದೆ. ಹಾವಿಗೆ ಹೆದರುವವರು, ಕತ್ತಲೆಗೆ ಹೆದರುವವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರದು ಮರ್ಯಾದೆಯ ಭಯ, ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದು. ನನ್ನದು ಅಂಥದ್ದಲ್ಲ. ಒಮ್ಮೆ ನಮ್ಮ ಡೊಂಬಿವಲಿಯ ಸೊಸೈಟಿಯ ಲಿಫ್ಟಿನಲ್ಲಿ ಯಾರೋ ಅಪರಿಚಿತರು ಮರಾಠಿಯಲ್ಲಿ ‘ಕಿತವಾ ಮಜಲಾ’ ಎಂದು ಕೇಳಿದರು. ಎಷ್ಟನೆಯ ಮಹಡಿ ಎಂದಷ್ಟೇ ಕೇಳಿದ್ದು. ನಾನು ಗಾಬರಿಯಲ್ಲಿ ಐದು ಎನ್ನುವ ಬದಲು ಮೂರು ಎಂದೆ. ಹೇಳಿದ ಮಾತು ತಿದ್ದಿಕೊಳ್ಳಲು ನಾಚಿಕೆಯಾಗಿ ಮೂರರಲ್ಲೇ ಇಳಿದು, ತರಕಾರಿ ಚೀಲ ಹೊತ್ತು ಉಳಿದ ಎರಡು ಮಹಡಿ ಮೆಟ್ಟಿಲು ಹತ್ತಿದೆ.

ಅವನಿ, ಈಶಾನ್, ಮೊಮ್ಮಕ್ಕಳೇ, ಇದನ್ನು ನಿಮಗೋಸ್ಕರ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಉತ್ತರ ಹಿಂದಿಯಲ್ಲಿ ಬರುತ್ತದೆ, ಓದಲು ಮಾತ್ರ ಬರುವುದೇ ಇಲ್ಲ. ಆ ಧೈರ್ಯದ ಮೇಲೆಯೇ ಇಷ್ಟು ಬಿಚ್ಚಿ ಬರೆಯುತ್ತಿರುವುದು. ನೀವು ಅಕ್ಷರ ಕಲಿತು ಇದನ್ನು ಓದುವ ಹೊತ್ತಿಗೆ ನಾಚಿಕೆಪಡಲು ನಾನು ಇರುತ್ತೇನೋ ಇಲ್ಲವೋ, ಇದ್ದರೂ ಕನ್ನಡಕ ಹುಡುಕುವ ನೆಪದಲ್ಲಿ ಎದ್ದು ಹೋಗುತ್ತೇನೆ.

ಈ ಪುಕ್ಕಲುತನ ಇಂದಿನದಲ್ಲ. ಕಾರ್ಕಳದ ಆಚೆಯ ನಮ್ಮ ಹಳ್ಳಿಯ ಶಾಲೆಯಲ್ಲಿ ನಾನು ಏಳನೆಯ ತರಗತಿಯವರೆಗೆ ಓದಿದೆ. ಹಾಜರಿ ಕರೆಯುವಾಗ ನನ್ನ ಹೆಸರು ಬಂದರೆ ದನಿಯೇ ಹೊರಡುತ್ತಿರಲಿಲ್ಲ. ಪಕ್ಕದಲ್ಲಿ ಕೂರುತ್ತಿದ್ದ ಕಮಲ ನನ್ನ ಬದಲಿಗೆ ‘ಇದ್ದಾಳೆ ಸಾರ್’ ಎನ್ನುತ್ತಿದ್ದಳು. ಒಂದು ಸಲ ಕಮಲಳಿಗೆ ಕೆನ್ನೆ ಊದುವ ಕೆಪ್ಪಟರಾಯ ಬಂದು ಒಂದು ವಾರ ಶಾಲೆಗೆ ಬರಲಿಲ್ಲ. ಆ ವಾರವಿಡೀ ಮಾಸ್ತರರ ಕಣ್ಣೆದುರಿಗೇ ಕುಳಿತು, ಅವರು ಕೊಟ್ಟ ಲೆಕ್ಕವನ್ನೂ ಮಾಡಿ, ನಾನು ಹಾಜರಿ ಪುಸ್ತಕದಲ್ಲಿ ಗೈರುಹಾಜರಾಗಿದ್ದೆ. ಮದುವೆಯಾದ ಮೇಲೆ ಕಮಲಳ ಕೆಲಸವನ್ನು ನಿಮ್ಮ ಅಜ್ಜ ವಹಿಸಿಕೊಂಡರು. ಥಾಣೆಯ ಹೋಟೆಲಿನ ಗಲ್ಲೆಯಲ್ಲಿ ಕುಳಿತು ದಿನಕ್ಕೆ ನೂರಾರು ಜನರೊಡನೆ ಮಾತಾಡುವವರಿಗೆ ಹೆಂಡತಿಯ ಪಾಲಿನ ನಾಲ್ಕು ಮಾತು ಭಾರವಾಗಲಿಲ್ಲ. ಡಾಕ್ಟರು ನನ್ನನ್ನು ಎಲ್ಲಿ ನೋವು ಎಂದು ಕೇಳಿದರೆ ಅವರು ತಮ್ಮ ಮೊಣಕಾಲನ್ನು ಮುಟ್ಟಿ ತೋರಿಸುತ್ತಿದ್ದರು. ಒಮ್ಮೆ ಡಾಕ್ಟರು ಮಾತ್ರೆಯನ್ನೂ ಅವರ ಹೆಸರಿಗೇ ಬರೆದುಕೊಟ್ಟರು. ಅವರು ತೀರಿಹೋಗಿ ಆರು ವರ್ಷವಾಯಿತು. ಅಂದಿನಿಂದ ನನ್ನ ಪರವಾಗಿ ‘ಇದ್ದಾಳೆ’ ಎನ್ನುವವರೂ ಇಲ್ಲ, ‘ಅವಳಿಗೆ ಬೇಡವಂತೆ’ ಎನ್ನುವವರೂ ಇಲ್ಲ.

ಇಂಥವಳ ಮುಂದೆ ಈ ವರ್ಷ ಗಣೇಶ ಚೌತಿಯ ಮರುದಿನ ನಿಮ್ಮ ಅಮ್ಮ ಸ್ನೇಹಾ ಲ್ಯಾಪ್‌ಟಾಪ್ ತಂದಿಟ್ಟಳು. ಅವಳು ಧಾರವಾಡದ ಕಡೆಯವಳು, ಕಲ್ಯಾಣದ ಬ್ಯಾಂಕಿನಲ್ಲಿ ಕೆಲಸ. ಯಾವುದನ್ನೂ ಎಕ್ಸೆಲ್ ಶೀಟಿನಲ್ಲಿ ಹಾಕದೆ ಅವಳಿಗೆ ಸಮಾಧಾನವಿಲ್ಲ. ನಮ್ಮ ಮನೆಯ ಉಪ್ಪಿನಕಾಯಿಗೂ ಒಂದು ಶೀಟಿದೆ. ಈ ಸಲದ ಶೀಟಿನ ತಲೆಬರಹ ‘ಡಿಸೆಂಬರ್’. ಹಿಮ ನೋಡಲು ಹೋಗುವುದು ಎಂದಳು. ಕಾಶ್ಮೀರಕ್ಕೋ ಎಂದೆ. ಅಲ್ಲವಂತೆ, ಯುರೋಪಿಗೆ. ಆಲ್ಪ್ಸ್ ಬೆಟ್ಟದ ಎರಡು ಹಳ್ಳಿಗಳಲ್ಲಿ ಮೂರು ಮೂರು ದಿನ, ಆಮೇಲೆ ವಿಯೆನ್ನಾ ಪಟ್ಟಣದಲ್ಲಿ ಮೂರು ದಿನ. ಎಲ್ಲರೂ ಸ್ವಿಟ್ಜರ್ಲೆಂಡಿಗೆ ಹೋಗುತ್ತಾರಲ್ಲ ಎಂದು ಕೇಳಿದ್ದಕ್ಕೆ ಸ್ನೇಹಾ, “ಅಲ್ಲಿ ಹೆಸರಿಗೇ ರೊಕ್ಕ ಕೊಡಬೇಕ್ರಿ ಅತ್ತಿ. ಆಸ್ಟ್ರಿಯಾದಾಗೂ ಅವೇ ಬೆಟ್ಟ. ತಾನ್ ಯಾವ ದೇಶದಾಗ ಐತಿ ಅಂತ ಬೆಟ್ಟಕ್ಕೇನ್ ಗೊತ್ತಿರ್ತದ” ಎಂದಳು.

ನಿಮ್ಮ ಅಪ್ಪ ರಘು ಘಣಸೋಲಿಯ ಆಫೀಸಿನಿಂದ ಬಂದವನು ಬೂಟು ಬಿಚ್ಚುತ್ತಲೇ ನನಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಿದ. “ಅಮ್ಮ, ಥಾಣೆಯಲ್ಲಿ ಬಜೆಟ್ ಆಗದವರು ಬದಲಾಪುರದಲ್ಲಿ ಫ್ಲ್ಯಾಟ್ ತೆಗೊಳ್ತಾರಲ್ಲ, ಇದೂ ಹಾಗೆ. ಹೆಸರುವಾಸಿ ಹಳ್ಳಿ ಮೇಲೆ ಉಂಟು, ಅಲ್ಲಿ ರೂಮಿನ ರೇಟ್ ಕೇಳುದೇ ಬೇಡ. ನಾವು ನಾಲ್ಕು ಸ್ಟೇಷನ್ ಕೆಳಗಿನ ಹಳ್ಳಿಯಲ್ಲಿ ಇರುದು. ಟ್ರೇನ್ ಅದೇ, ಬೆಟ್ಟ ಅದೇ. ಬೆಳಿಗ್ಗೆ ಹೋಗಿ ಸಂಜೆ ಬರುದು.” ನಲವತ್ತು ವರ್ಷ ಸೆಂಟ್ರಲ್ ಲೈನಿನ ಲೋಕಲ್ ರೈಲಿನಲ್ಲಿ ಓಡಾಡಿದವಳಿಗೆ ಇದು ತಟ್ಟನೆ ತಿಳಿಯಿತು. ಆಸ್ಟ್ರಿಯಾದಲ್ಲೂ ಒಂದು ಬದಲಾಪುರ ಇದೆ ಎಂದು ಕೇಳಿ ಸ್ವಲ್ಪ ಧೈರ್ಯವೂ ಬಂತು. ಕ್ರಿಸ್‌ಮಸ್ ಹತ್ತಿರ ಬಂದರೆ ದರ ಏರುತ್ತದೆಂದು ಡಿಸೆಂಬರ್ ಎರಡನೆಯ ವಾರವೇ ಹೋಗುವುದು, ನಿಮಗೆ ಐದು ದಿನ ಶಾಲೆ ತಪ್ಪಿಸುವುದು, ಹೋಟೆಲ್ ಬೇಡ, ಅಡಿಗೆಮನೆ ಇರುವ ಬಾಡಿಗೆ ಮನೆ ಹಿಡಿಯುವುದು, ಹೀಗೆ ಎಲ್ಲವೂ ಶೀಟಿನಲ್ಲಿತ್ತು.

ಕೆಳಗಿನ ಸಾಲೊಂದರಲ್ಲಿ ನನ್ನ ಹೆಸರು ಕಂಡಿತು. ಖರ್ಚಿನ ಕಡೆ ನನ್ನ ಟಿಕೆಟ್ಟು, ವೀಸಾ. ಉಳಿತಾಯದ ಕಡೆಯೂ ನನ್ನ ಹೆಸರು. ಅದೇನೆಂದು ಕೇಳಿದೆ. ಸ್ನೇಹಾ ನಾಲಗೆ ಕಚ್ಚಿಕೊಂಡು, “ಹೊರಗ ಐದು ಮಂದಿ ಎರಡ್ ಹೊತ್ತು ಉಂಡ್ರ ಪ್ಲಾನೇ ಮುಗೀತದ್ರಿ ಅತ್ತಿ. ನೀವೊಂದ್ ಅನ್ನ ಸಾರು ಮಾಡಿಬಿಟ್ರ...” ಎಂದು ಅರ್ಧಕ್ಕೇ ನಿಲ್ಲಿಸಿದಳು. ನನಗೇನೂ ಬೇಸರವಾಗಲಿಲ್ಲ. ಅಜ್ಜಿಯನ್ನು ಕರೆದೊಯ್ದರೆ ಖರ್ಚು ಕಡಿಮೆಯಾಗುತ್ತದೆ ಎಂದು ಎಷ್ಟು ಮನೆಗಳಲ್ಲಿ ಹೇಳುತ್ತಾರೆ. ಆದರೆ ಆ ಸಾಲು ನೋಡಿದ ಕ್ಷಣದಿಂದ ತಲೆಯೊಳಗೆ ಒಂದು ಲೆಕ್ಕ ಹೊಕ್ಕಿತು. ನಾನು ಬರುವುದಿಲ್ಲ ಎಂದರೆ ಅನ್ನ ಸಾರಿನ ಸಾಲು ಬಿದ್ದುಹೋಗುತ್ತದೆ. ಆ ಸಾಲು ಬಿದ್ದರೆ ಮೇಲಿನ ಎಲ್ಲ ಸಾಲುಗಳೂ ಬೀಳುತ್ತವೆ. ಅತ್ತ ಈಶಾನ್, ನೀನು ಆಗಲೇ ಫ್ರೀಜರಿನ ಗೋಡೆಯ ಹಿಮವನ್ನು ಚಮಚದಲ್ಲಿ ಕೆರೆದು ಉಂಡೆ ಕಟ್ಟಿ ಅಕ್ಕನ ಬೆನ್ನಿಗೆ ಎಸೆಯುವ ಅಭ್ಯಾಸ ಶುರುಮಾಡಿದ್ದೆ.

ಮತ್ತೆ ನನ್ನ ಭಯವಾದರೂ ಏನು? ಮುಖ್ಯವಾಗಿ ಚಳಿ. ಊರಿನಲ್ಲಿ ಚಳಿ ಎಂದರೆ ಬೆಳಗಿನ ಸ್ನಾನದ ಮೊದಲ ಚೊಂಬಿನವರೆಗೆ. ಇಲ್ಲಿ ಚಳಿ ಎಂದರೆ ನಿಮ್ಮ ಅಪ್ಪ ಎಸಿಯನ್ನು ಇಪ್ಪತ್ತನಾಲ್ಕಕ್ಕೆ ಇಳಿಸಿದಾಗ ನಾನು ಸ್ವೆಟರ್ ಹುಡುಕುವುದು. ಸೊನ್ನೆಯ ಕೆಳಗೂ ಲೆಕ್ಕ ಇರುತ್ತದೆ ಎಂದು ಮಾಸ್ತರರು ಹೇಳಿದಾಗಲೇ ನನಗೆ ನಂಬಿಕೆ ಬಂದಿರಲಿಲ್ಲ. ಇದರ ಮೇಲೆ ಪಕ್ಕದ ಮನೆಯ ಕುಲಕರ್ಣಿ ಕಾಕೂ, ಹೋದ ವರ್ಷ ಯುರೋಪ್ ನೋಡಿ ಬಂದವರು, ಬಾಗಿಲಲ್ಲೇ ನಿಂತು, “ತಿಕಡೆ ನಾಕಾಚಾ ಪತ್ತಾಚ್ ಲಾಗತ್ ನಾಹೀ” ಎಂದರು. ಅಲ್ಲಿ ಮೂಗು ಎಲ್ಲಿದೆಯೆಂದೇ ತಿಳಿಯುವುದಿಲ್ಲವಂತೆ. ಅವರು ಹೋದ ಮೇಲೆ ಕನ್ನಡಿಯ ಮುಂದೆ ನಿಂತು ಒಂದು ಸಲ ಮೂಗು ಮುಟ್ಟಿಕೊಂಡೆ. ಮಂಜಿನ ಮೇಲೆ ಜಾರುವ ಭಯ ಇನ್ನೊಂದು. ನಾನು ಜಾರಿ ಬೀಳುವುದು, ಸೊಂಟ ಮುರಿಯುವುದು, ನೀವು ಮಕ್ಕಳು ನಿಮ್ಮ ಜೀವನದ ಮೊದಲ ಹಿಮವನ್ನು ಆಸ್ಪತ್ರೆಯ ಕಿಟಕಿಯಿಂದ ನೋಡುವುದು, ಅಲ್ಲಿನ ಡಾಕ್ಟರು ಎಲ್ಲಿ ನೋವು ಎಂದು ಅವರ ಭಾಷೆಯಲ್ಲಿ ಕೇಳುವುದು, ಮೊಣಕಾಲು ತೋರಿಸಲು ನಿಮ್ಮ ಅಜ್ಜ ಇಲ್ಲದಿರುವುದು. ಸಾರಿಗೆ ಒಗ್ಗರಣೆ ಹಾಕುವಾಗಲೂ ಇದೇ ಚಿತ್ರ ಕಣ್ಣ ಮುಂದೆ ಬರುತ್ತಿತ್ತು.

ಭಾನುವಾರ ಸಂಜೆ ವಿಮಾನದ ಟಿಕೆಟ್ ತೆಗೆಯುವುದೆಂದು ತೀರ್ಮಾನವಾಯಿತು. ಅಗ್ಗದ ಟಿಕೆಟ್ಟು, ಒಮ್ಮೆ ತೆಗೆದರೆ ಹಣ ವಾಪಸಿಲ್ಲ. ಹೇಳುವುದಿದ್ದರೆ ಅದಕ್ಕೆ ಮೊದಲೇ ಹೇಳಬೇಕು. ಹುಟ್ಟಿದಾರಭ್ಯ ಯಾರಿಗೂ ಆಗುವುದಿಲ್ಲ ಎಂದು ಹೇಳದವಳಿಗೆ ಬರಿಯ ಬಾಯಿಮಾತು ಸಾಲದು, ಕೈಯಲ್ಲೊಂದು ಸಾಕ್ಷಿ ಬೇಕು ಅನ್ನಿಸಿತು. ಆಗ ನೆನಪಾದವನು ನನ್ನ ತಮ್ಮ ಸುಧಾಕರ. ಅವನದು ಘೋಡಬಂದರ್ ರಸ್ತೆಯಲ್ಲಿ ಹೋಟೆಲು, ಹೋಟೆಲಿನ ಹಿಂದೆ ಬಟಾಣಿ, ಜೋಳ, ಐಸ್‌ಕ್ರೀಮ್ ಇಡುವ ಒಂದು ಕೋಲ್ಡ್ ರೂಮು. ಆಳು ಒಳಗೆ ನಡೆದು ಹೋಗುವಷ್ಟು ದೊಡ್ಡದು. ಅದರಲ್ಲಿ ನಿಂತು ನೋಡುವುದು. ತಡೆಯಲಾಗದಿದ್ದರೆ ಆಯಿತು, ‘ಸುಧಾಕರನ ಮುಂದೆಯೇ ಪರೀಕ್ಷೆಯಾಗಿದೆ, ನನ್ನ ಶರೀರಕ್ಕೆ ಒಗ್ಗುವುದಿಲ್ಲ’ ಎಂದು ಹೇಳಿಬಿಡಬಹುದು. ಮಕ್ಕಳೇ, ಹಣೆಬರಹ ನೋಡಿ: ಪರೀಕ್ಷೆಗೆ ಹೋಗುವವರೆಲ್ಲ ಪಾಸಾಗಲಿ ಎಂದು ದೇವರಿಗೆ ಕೈಮುಗಿಯುತ್ತಾರೆ, ನಾನು ಫೇಲಾಗಲಿ ಎಂದು ಕೈಮುಗಿದು ಹೊರಟೆ.

ಶುಕ್ರವಾರ ಮಧ್ಯಾಹ್ನ ಸ್ಲೋ ಲೋಕಲ್ ಹಿಡಿದು ಥಾಣೆಗೆ ಇಳಿದು, ರಿಕ್ಷಾ ಮಾಡಿ ಹೋದೆ. ಚೀಲದಲ್ಲಿ ರಘುವಿನ ಹಳೆಯ ಸ್ವೆಟರು, ಎರಡು ಜೊತೆ ಕಾಲುಚೀಲ, ನಿಮ್ಮ ಅಜ್ಜನ ಮಂಕಿ ಕ್ಯಾಪು. ಆ ಕ್ಯಾಪಿನದೇ ಒಂದು ಕಥೆ. ಕಾಶಿಗೆ ಹೋಗುವುದೆಂದು ಒಂದು ವರ್ಷ ಅವರು ಎರಡು ಕ್ಯಾಪು ತಂದಿದ್ದರು. ಹೋಟೆಲಿನಲ್ಲಿ ರಜೆ ಸಿಗದೆ ಕಾಶಿ ತಪ್ಪಿತು. ನನ್ನ ಕ್ಯಾಪನ್ನು ಊರಿಗೆ ಯಾರಿಗೋ ಕೊಟ್ಟೆ. ತಮ್ಮದನ್ನು ಅವರು ಕೊಡಲಿಲ್ಲ, ಬೇಕಾಗುತ್ತದೆ ಎಂದು ಕಪಾಟಿನಲ್ಲಿ ಮಡಿಸಿಟ್ಟರು. ಡೊಂಬಿವಲಿಯಲ್ಲಿ ಮಂಕಿ ಕ್ಯಾಪ್ ಯಾವಾಗ ಬೇಕಾಗುತ್ತದೆಂದು ನಾನೂ ಕೇಳಲಿಲ್ಲ.

ಸುಧಾಕರನ ಮುಂದೆ ವಿಷಯ ತೆಗೆಯಲು ನನಗೆ ಎರಡು ಲೋಟ ಕಾಫಿ, ಒಂದು ಪ್ಲೇಟು ಗೋಳಿಬಜೆ ಬೇಕಾಯಿತು. ಅವನು ಮೊದಲು ನನ್ನ ಹಣೆ ಮುಟ್ಟಿ ನೋಡಿದ.

“ಅಕ್ಕ, ನಿಮಗೆ ಜ್ವರ ಗಿರ ಎಂತಾದ್ರೂ ಉಂಟಾ?”

“ಇಲ್ಲ ಮಾರಾಯ. ಹತ್ತೇ ನಿಮಿಷ.”

“ಒಳಗೆ ಮೈನಸ್ ಹದಿನೆಂಟು ಉಂಟು. ನಿಮ್ಮ ಆ ಬದಲಾಪುರದಲ್ಲಿ ಅಷ್ಟು ಇರ್ಲಿಕ್ಕಿಲ್ಲ.”

“ಇರಲಿ. ಹೆಚ್ಚಾದರೆ ಒಳ್ಳೆಯದೇ.”

“ಹೆಲ್ತ್‌ನವರು ಈಗ ಬಂದ್ರೆ ನಾನು ಎಂತ ಹೇಳುದು? ಬಟಾಣಿ ಒಟ್ಟಿಗೆ ಅಕ್ಕನನ್ನೂ ಸ್ಟಾಕ್ ಮಾಡಿದ್ದೇನೆ ಅಂತ ಹೇಳುದಾ?” ಎಂದು ಗೊಣಗುತ್ತಲೇ ಅವನು ಎದ್ದ. ಒಳಗಿನಿಂದ ಬಾಗಿಲು ತೆರೆಯುವ ಗುಂಡಿಯನ್ನು ಮೂರು ಸಲ ತೋರಿಸಿದ. ತಾನು ಹೊರಗೇ ಇರುತ್ತೇನೆ, ಬಾಗಿಲ ಹತ್ತಿರವೇ ನಿಂತು ನಿಮಿಷಕ್ಕೊಮ್ಮೆ ಕರೆಯುತ್ತೇನೆ, ಉತ್ತರ ಬರದಿದ್ದರೆ ಎಳೆದು ಹಾಕುತ್ತೇನೆ ಎಂದ.

ಒಳಗೆ ಹೋದ ಮೇಲೆ ಮೊದಲು ಹೆದರಿದ್ದು ನನ್ನ ಉಸಿರಿಗೇ. ಬಾಯಿಂದ ಬಂದ ಹೊಗೆ ನೋಡಿ ಒಳಗೆ ಇನ್ಯಾರೋ ಇದ್ದಾರೆಂದುಕೊಂಡೆ. ಮೇಲೆ ಫ್ಯಾನು ಮಳೆ ಬಿದ್ದ ಹಾಗೆ ಮೊರೆಯುತ್ತಿತ್ತು. ಎರಡೂ ಕಡೆ ಬಟಾಣಿಯ ಚೀಲಗಳು, ಅವುಗಳ ಮೇಲೆ ಬಿಳಿಯ ಹುಡಿ. ಹೊರಗಿನಿಂದ ಬಹಳ ದೂರದಲ್ಲಿ ಎಂಬಂತೆ, “ಅಕ್ಕ, ಇದ್ದೀರಾ?” ಎಂದು ಕೇಳಿಸಿತು. ಬಾಗಿಲನ್ನು ಬೆರಳಿನಿಂದ ಕುಟ್ಟಿದೆ, ಬಾಯಿ ಬರಲಿಲ್ಲ. ಹದಿನೇಳರ ಮಗ್ಗಿ ಹೇಳತೊಡಗಿದೆ. ಹದಿನೇಳು ಆರಲೆ ನೂರಾ ಎರಡಕ್ಕೆ ಬಂದಾಗ ಮೂಗು ಮುಟ್ಟಿ ನೋಡಿದೆ. ಇತ್ತು. ನಾಲ್ಕನೆಯ ನಿಮಿಷಕ್ಕೆ ಬೆರಳ ತುದಿ ಚುರುಗುಟ್ಟಿತು, ಅಷ್ಟೆ. ಐದಾಯಿತು, ಆರಾಯಿತು, ನಡುಕ ಬರಲಿಲ್ಲ. ನನ್ನ ದೇಹ ನನ್ನ ಪಕ್ಷ ಬಿಟ್ಟು ಮನೆಯವರ ಪಕ್ಷ ಸೇರಿತ್ತು. ನಲವತ್ತು ವರ್ಷ ಈ ಊರಿನ ಸೆಕೆಯಲ್ಲಿ ಬೆಂದ ಮೈ ಇಂಥ ಒಂದು ಜಾಗಕ್ಕೇ ಕಾಯುತ್ತಿದ್ದ ಹಾಗೆ ಆರಾಮವಾಗಿ ನಿಂತಿತ್ತು.

ಉಳಿದ ನಾಲ್ಕು ನಿಮಿಷ ಸುಮ್ಮನೆ ಕಳೆಯಬಾರದೆಂದು ಇನ್ನೊಂದು ಅಭ್ಯಾಸ ಮಾಡಿದೆ. ಬಟಾಣಿ ಚೀಲಗಳ ಕಡೆ ತಿರುಗಿ, ಗಟ್ಟಿಯಾಗಿ, “ನಾನು ಬರುವುದಿಲ್ಲ” ಎಂದೆ. ಚೆನ್ನಾಗಿ ಬಂತು. ಇನ್ನೊಮ್ಮೆ, ಸ್ವಲ್ಪ ಕೈ ಅಲ್ಲಾಡಿಸಿ, “ಇಲ್ಲ, ನಾನು ಬರುವುದಿಲ್ಲ” ಎಂದೆ. ಯಾರೂ ಎದುರಾಡಲಿಲ್ಲ. ಅಷ್ಟರಲ್ಲಿ ಸುಧಾಕರ ಬಾಗಿಲು ತೆರೆದು, “ಬರುದಿಲ್ಲ ಅಂದ್ರೆ ಹೇಗೆ? ಹತ್ತು ನಿಮಿಷ ಆಯ್ತು, ಬನ್ನಿ ಹೊರಗೆ” ಎಂದ.

ಯಾರಿಗೂ ಹೇಳಬೇಡ ಎಂದು ಅವನಿಂದ ಭಾಷೆ ತೆಗೆದುಕೊಂಡೆ. ನನ್ನ ರೈಲು ಮುಂಬ್ರಾ ದಾಟುವ ಮೊದಲೇ ಅವನು ಸ್ನೇಹಾಳಿಗೆ ಫೋನು ಮಾಡಿಯಾಗಿತ್ತು. ಮನೆಗೆ ಬಂದರೆ ಅವಳು ಅಡಿಗೆಮನೆಯಲ್ಲಿ ಕಾಯುತ್ತಿದ್ದಳು. “ಹೆಂಗಿತ್ರಿ ಅತ್ತಿ? ಥಂಡಿ ತಡಕೊಳ್ಳಾಕ ಆಗಲಿಲ್ಲ, ಹೌದಲ್ರಿ?” ಎಂದು ಕೇಳಿದಳು. ಆ ಪ್ರಶ್ನೆ ನನ್ನನ್ನು ಎಲ್ಲಿಯೋ ಚುಚ್ಚಿತು. ಫೇಲಾಗಲು ಹೋದವಳು ನಾನು, ನಿಜ. ಆದರೆ ಫೇಲಾಗಿರಬೇಕು ಎಂದು ಬೇರೆಯವರು ಹೇಳಿದರೆ ಹೇಗೆ? “ಹತ್ತು ನಿಮಿಷ ನಿಂತೆ. ಬೇಕಾದರೆ ಇನ್ನೂ ಹತ್ತು ನಿಲ್ಲುತ್ತಿದ್ದೆ” ಎಂದುಬಿಟ್ಟೆ. ಸ್ನೇಹಾಳ ಮುಖ ಚಪ್ಪೆಯಾಯಿತು. “ಹೌದ್ರೀ...” ಎಂದವಳೇ ತೊಳೆದಿಟ್ಟ ಲೋಟವನ್ನೇ ಮತ್ತೆ ತೊಳೆಯತೊಡಗಿದಳು. ಸಂತೋಷಪಡಬೇಕಾದವಳು ಯಾಕೆ ಹೀಗಾದಳು ಎಂದು ಕೆದಕಿದೆ. ಲೋಟ ಕವುಚಿಟ್ಟು ಬಾಯಿ ಬಿಟ್ಟಳು. “ಎಲ್ಲಾ ನಾನೇ ಬುಕ್ ಮಾಡಾಕತ್ತೀನ್ರಿ. ರೂಮ್ ಚಲೋ ಇರಲಿಲ್ಲಂದ್ರ ಸ್ನೇಹಾ ಮಾಡಿದ್ದು. ಟ್ರೇನ್ ತಪ್ಪಿದ್ರ ಸ್ನೇಹಾ ಮಾಡಿದ್ದು. ಹಿಮ ಬೀಳಲಿಲ್ಲಂದ್ರೂ ಸ್ನೇಹಾ ಮಾಡಿದ್ದೇ. ಎದಿ ಢವಢವ ಅಂತದ. ನೀವೊಬ್ರು ಒಲ್ಲೆ ಅಂದಿದ್ರ ಸುಮ್ನ ಮಹಾಬಳೇಶ್ವರಕ್ಕ ಹೋಗಬಹುದಿತ್ತು.”

ಇದು ಶುಕ್ರವಾರದ ಮಾತು. ಶನಿವಾರ ಬೆಳಿಗ್ಗೆ ರಘು ನನ್ನ ಜೊತೆ ತರಕಾರಿಗೆ ಬಂದ. ಹತ್ತು ವರ್ಷದಲ್ಲಿ ಒಮ್ಮೆಯೂ ಬಾರದವನು ಬಂದದ್ದು ನೋಡಿದಾಗಲೇ ನನಗೆ ಅನುಮಾನ. ಬೆಂಡೆಕಾಯಿ ಮುರಿದು ನೋಡುತ್ತಾ, “ಅಮ್ಮ, ನಿಮಗೆ ಕಷ್ಟ ಆಗುದಾದ್ರೆ ಈಗಲೇ ಹೇಳಿ. ಸ್ನೇಹಾ ಎಂತ ತಿಳ್ಕೊಳ್ತಾಳೆ ಅಂತ ಆಲೋಚನೆ ಮಾಡ್ಬೇಡಿ. ನಾನು ಹೇಳ್ತೇನೆ ಅವಳಿಗೆ” ಎಂದ. ದನಿಯಲ್ಲಿ ನನ್ನ ಮೇಲಿನ ಕಾಳಜಿಗಿಂತ ಬೇರೇನೋ ಇತ್ತು. ಮೆಲ್ಲನೆ ಕೇಳಿದೆ. ಬೆಟ್ಟಕ್ಕೆ ಹಗ್ಗದ ಗಾಡಿಯಲ್ಲಿ ಹೋಗಬೇಕಂತೆ, ತಂತಿಯ ಮೇಲೆ ತೂಗುತ್ತಾ. ನನಗೆ ಆಗ ನೆನಪಾಯಿತು: ಎಂಟು ವರ್ಷದವನಿದ್ದಾಗ ಕಲ್ಯಾಣದ ಮೇಳದಲ್ಲಿ ತಿರುಗುವ ತೊಟ್ಟಿಲು ಹತ್ತಿ, ತೊಟ್ಟಿಲು ಮೇಲೆ ನಿಂತಾಗ ಇವನು ಅತ್ತ ಅಳುವಿಗೆ ಇಡೀ ಯಂತ್ರವನ್ನೇ ನಿಲ್ಲಿಸಿ ಇಳಿಸಿದ್ದರು. “ಮಕ್ಕಳ ಮುಂದೆ ಹೇಗೆ ಹೇಳುದು ಅಮ್ಮ” ಎಂದ. ಬೆಂಡೆಕಾಯಿಯವಳು ಮುರಿದದ್ದಕ್ಕೆಲ್ಲ ದುಡ್ಡು ಕೊಡಿ ಎಂದು ಮರಾಠಿಯಲ್ಲಿ ಗದರಿದಳು.

ಮಕ್ಕಳೇ, ನನ್ನ ಸ್ಥಿತಿ ಯೋಚಿಸಿ ನೋಡಿ. ಈ ಮನೆಯಲ್ಲಿ ಭಯಕ್ಕೆ ನಾನೊಬ್ಬಳೇ ವಾರಸುದಾರಳು ಎಂದುಕೊಂಡಿದ್ದೆ. ನೋಡಿದರೆ ಮೂವರೂ ಹೆದರಿದ್ದೆವು, ಮೂವರಿಗೂ ‘ಬೇಡ’ ಎನ್ನುವ ಧೈರ್ಯವಿರಲಿಲ್ಲ. ಇಬ್ಬರು ತಮ್ಮ ಭಯವನ್ನು ನನ್ನ ವಯಸ್ಸಿನ ಮೇಲೆ ಹೊರಿಸಿ, ನಾನು ಬಾಯಿ ಬಿಡುವುದನ್ನೇ ಕಾಯುತ್ತಿದ್ದರು. ಒಂದು ಮಾತು ಹೇಳಿದರೆ ನಾನು ಮೂವರನ್ನೂ ಉಳಿಸಿದ ಹಾಗೆ. ಬಟಾಣಿಯ ಮುಂದೆ ಅಭ್ಯಾಸವೂ ಆಗಿತ್ತು.

ಭಾನುವಾರ ಸಂಜೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಎಲ್ಲರೂ ಕುಳಿತೆವು. ಹೆಸರು, ಪಾಸ್‌ಪೋರ್ಟ್ ಸಂಖ್ಯೆ ಎಲ್ಲ ತುಂಬಿ ಆಯಿತು. ಹಣ ಕಟ್ಟುವ ಗುಂಡಿಯ ಮೇಲೆ ರಘುವಿನ ಬೆರಳು ನಿಂತಿತು. “ಅಮ್ಮ, ಕೊನೆ ಸಲ ಕೇಳ್ತಾ ಇದ್ದೇನೆ” ಎಂದ. ಸ್ನೇಹಾ ದೇವರ ಪ್ರಸಾದಕ್ಕೆ ಕಾಯುವವಳ ಹಾಗೆ ನನ್ನನ್ನೇ ನೋಡುತ್ತಿದ್ದಳು. ಅಷ್ಟು ಹೊತ್ತಿಗೆ ಅವನಿ, ನೀನು ಒಳಗಿನಿಂದ ಓಡಿ ಬಂದು ನನ್ನ ಮಡಿಲಿಗೆ ಒಂದು ಚೀಟಿ ಹಾಕಿದೆ. ಸೂಟ್‌ಕೇಸಿಗೆ ಕಟ್ಟಲು ರಟ್ಟಿನಲ್ಲಿ ಎಲ್ಲರಿಗೂ ಹೆಸರಿನ ಚೀಟಿ ಮಾಡಿದ್ದೆ. ಉಳಿದವೆಲ್ಲ ಇಂಗ್ಲಿಷಿನಲ್ಲಿ. ನನ್ನದರಲ್ಲಿ ಮಾತ್ರ ‘ಅಜ್ಜಿ’ ಎಂದು ಕನ್ನಡದಲ್ಲಿ. ಫೋನಿನಲ್ಲಿ ನೋಡಿ, ಚಿತ್ರ ಬಿಡಿಸಿದ ಹಾಗೆ ನಾಲ್ಕು ಬಣ್ಣದಲ್ಲಿ ಬರೆದಿದ್ದೆ. “ತೂ ಗುಮ್ ಗಯೀ ತೋ ಭೀ ಚಲೇಗಾ, ಬ್ಯಾಗ್ ಗುಮ್‌ನಾ ನಹೀ ಚಾಹಿಯೇ” ಎಂದು ಈಶಾನ್ ಹಿಂದಿನಿಂದ ಕೂಗಿದ. ಅಜ್ಜಿ ಕಳೆದರೂ ನಡೆಯುತ್ತದಂತೆ, ಚೀಲ ಕಳೆಯಬಾರದಂತೆ.

ನಾನು ಬಾಯಿ ತೆರೆದೆ. ‘ನಾನು ಬರುವುದಿಲ್ಲ’ ಎಂಬ ಮಾತು ಗಂಟಲಿನವರೆಗೂ ಸರಿಯಾಗಿಯೇ ಬಂದಿತ್ತು. ಹೊರಗೆ ಬಿದ್ದದ್ದು ಮಾತ್ರ, “ಅಲ್ಲಿ ಕೊತ್ತಂಬರಿ ಸೊಪ್ಪು ಸಿಗುತ್ತದೆಯಾ?”

ನೀವಿಬ್ಬರೂ ಕುಣಿದಿರಿ. ಅಡಿಗೆಯವಳು ಸೊಪ್ಪಿನ ವಿಚಾರ ಕೇಳಿದಳೆಂದರೆ ಒಪ್ಪಿಗೆಯಾಯಿತು ಎಂದೇ ಅರ್ಥ. ರಘು ಕಣ್ಣು ಮುಚ್ಚಿ ಗುಂಡಿ ಒತ್ತಿದ. ಸ್ನೇಹಾ ಕೊತ್ತಂಬರಿಗೆ ಹೊಸ ಸಾಲು ಹಾಕಿದಳು.

ಈಗ ಹೊರಡಲು ಹದಿನೆಂಟು ದಿನ ಉಳಿದಿದೆ. ನನ್ನ ಭಯ ಒಂದಿಷ್ಟೂ ಕಡಿಮೆಯಾಗಿಲ್ಲ, ಆದರೆ ಅನುಭವಸ್ಥಳೆಂಬ ಸ್ಥಾನ ಸಿಕ್ಕಿದೆ. ಹೋದ ಭಾನುವಾರ ಚಳಿಯ ಅಭ್ಯಾಸಕ್ಕೆಂದು ರಘು, ಸ್ನೇಹಾ ಇಬ್ಬರನ್ನೂ ಸುಧಾಕರನ ಕೋಲ್ಡ್ ರೂಮಿಗೆ ಕರೆದುಕೊಂಡು ಹೋದೆ. ನೀವು ಹೊರಗೆ ಮೇಜಿನಲ್ಲಿ ದೋಸೆ ತಿನ್ನುತ್ತಿದ್ದಿರಿ. ಒಳಗಿನ ಗುಂಡಿಯನ್ನು ನಾನೇ ಮೂರು ಸಲ ತೋರಿಸಿದೆ. ಮಂಕಿ ಕ್ಯಾಪನ್ನು ರಘುವಿನ ತಲೆಗೆ ಹಾಕಿ ಕಿವಿಯವರೆಗೆ ಎಳೆದೆ. ಅಪ್ಪನಿಗೆ ಬೇಕಾಗದ್ದು ಮಗನಿಗಾದರೂ ಬೇಕಾಯಿತು. ಬಾಗಿಲು ಮುಚ್ಚಿ, ಕೈಗಡಿಯಾರ ಹಿಡಿದು ಹೊರಗೆ ನಿಂತೆ. ಒಂದನೆಯ ನಿಮಿಷಕ್ಕೆ, “ರಘೂ, ಇದ್ದೀರಾ?” ಎಂದೆ. ಕುಟ್ಟಿದ ಸದ್ದು ಬಂತು. ಎರಡಕ್ಕೂ ಬಂತು. ಮೂರಕ್ಕೆ ಬರಲಿಲ್ಲ. ಫ್ಯಾನಿನ ಸದ್ದಿಗೆ ಕೇಳಿಸಿರಲಿಕ್ಕಿಲ್ಲ ಎಂದು ಸುಧಾಕರ ಹೇಳಿದ. ಮೈನಸ್ ಹದಿನೆಂಟರಲ್ಲಿ ಹತ್ತು ನಿಮಿಷ ನಡುಗದ ನನ್ನ ಕೈ, ದೋಸೆಕಲ್ಲಿನ ಬಿಸಿ ಬಡಿಯುವ ಆ ಅಡಿಗೆಮನೆಯಲ್ಲಿ ಗಡಿಯಾರದ ಮುಳ್ಳು ಕಾಣದಷ್ಟು ನಡುಗುತ್ತಿತ್ತು. ಕೈ ಬಾಗಿಲ ಹಿಡಿಯ ಮೇಲೆ ಹೋಯಿತು.

ಅಷ್ಟರಲ್ಲಿ ಒಳಗಿನಿಂದ ರಘುವಿನ ದನಿ ಕೇಳಿಸಿತು. “ಅಮ್ಮ, ಹೊರಗೆ ನೀವು ಇದ್ದೀರಾ?”

“ಇದ್ದೇನೆ” ಎಂದೆ. ಹೋಟೆಲಿನಲ್ಲಿ ಊಟಕ್ಕೆ ಕುಳಿತವರೆಲ್ಲ ತಿರುಗಿ ನೋಡಿದರು. “ಮೆಲ್ಲ ಅಕ್ಕ, ಕಸ್ಟಮರ್ಸ್ ಇದ್ದಾರೆ” ಎಂದು ಸುಧಾಕರ ಪಿಸುಗುಟ್ಟಿದ. ನಾಚಿಕೆಯಾಗಿ, ಮೂಗು ಇದ್ದಲ್ಲಿಯೇ ಇದೆಯೇ ಎಂದು ಒಮ್ಮೆ ಮುಟ್ಟಿ ನೋಡಿಕೊಂಡೆ.